ಕಲ್ಲು ನೆಟ್ಟ ಜಾಗ

ಕಲ್ಲು ನೆಟ್ಟ ಜಾಗ ತಪ್ಪು, ಸ್ವಾಮಿ.
ಕಾರು ನಿಲ್ಲಿಸಲು ಅನುಕೂಲವೆಂದು
ರಸ್ತೆ ಬದಿಗೆ ನೆಟ್ಟಿದ್ದೀರಿ, ತಿಳಿಯುತ್ತದೆ.
ಡ್ರೈ ಕೆಟಲ್ ಠಾಣೆ ಇದ್ದದ್ದು ಅಗೋ, ಆ ಬೂದುಪೊದೆಗಳಾಚೆ,
ಒರತೆಯ ಪಕ್ಕ. ಗೋಡೆಯ ಕಲ್ಲನ್ನೆಲ್ಲ
ಬೆಳ್ಳಿಗಣಿ ಮುಚ್ಚಿದ ವರ್ಷ ಯಾರೋ ಹಂದಿಗೂಡಿಗೆ ಹೊತ್ತೊಯ್ದರು.
ಒಲೆಯ ಮೂಲೆಯೊಂದು ಉಳಿದಿದೆ,
ಬೋಳುಬಾಯಲ್ಲಿ ಒಂಟಿ ದವಡೆಹಲ್ಲಿನ ಹಾಗೆ.
ನನ್ನ ಬಾಯಿ ನೋಡಿ ನಗಬೇಡಿ.

ನಾನು ಸವಾರನಲ್ಲ. ಅದನ್ನು ಮೊದಲು ಬರೆದುಕೊಳ್ಳಿ.
ನೆವಾಡಾದ ಮುದುಕರೆಲ್ಲ ಈಗ
ಆ ಕಾಲದ ಟಪಾಲು ಸವಾರರೇ ಅಂತೆ;
ಅಷ್ಟು ಜನಕ್ಕೆ ಕುದುರೆ ಎಲ್ಲಿತ್ತು?
ನಾನು ಲಾಯದ ಹುಡುಗ. ಹನ್ನೆರಡು ವರ್ಷ.
ಬಾರ್ಲಿ ಅಳೆಯುವುದು, ಲದ್ದಿ ಬಾಚುವುದು,
ಹೊತ್ತಾದಾಗ ನೆಲಕ್ಕೆ ಕಿವಿ ಹಚ್ಚಿ ಮಲಗುವುದು.
ಗೊರಸಿನ ಸದ್ದು ಕಿವಿಗಿಂತ ಮೊದಲು
ದವಡೆಗೆ ಬರುತ್ತದೆ, ಗೊತ್ತೇ ನಿಮಗೆ?
ನಾನು ಕೂಗಿದರೆ ವಿಂಗೇಟ್ ಧಣಿ
ಥಿಂಬಲ್‌ಗೆ ಜೀನು ಬಿಗಿದು ಹೊರಗೆ ತರುತ್ತಿದ್ದ.

ನಾಲ್ಕು ಜೇಬಿನ ಒಂದು ತೊಗಲು.
ಈ ಬೆನ್ನಿಂದ ಸೆಳೆದು ಆ ಬೆನ್ನಿಗೆ ಹೊದಿಸಬೇಕು.
ಎರಡು ನಿಮಿಷ. ಕೆಲವೊಮ್ಮೆ ಒಂದೂವರೆ.
ಅಷ್ಟರೊಳಗೆ ಲೆಮ್ಯುಯೆಲ್ ಹ್ಯಾಸ್ಕೆಟ್
ಒಂದು ತಂಬಿಗೆ ನೀರೆತ್ತಿ, ಅರ್ಧ ಅಂಗಿಗೇ ಕುಡಿಸಿ,
‘ಏನೋ ಮರಿ’ ಎಂದು ಹತ್ತಿ ಹೋಗುತ್ತಿದ್ದ.
ಒಂದೂವರೆ ವರ್ಷದ್ದೆಲ್ಲ ಕೂಡಿಸಿದರೂ
ಮೂರು ತಾಸಿನ ಪರಿಚಯವಾಗದು.
ಅವನ ಮುಖ ಈಗಲೂ ಕಣ್ಣಿಗೆ ಕಟ್ಟಿದೆ,
ನನ್ನ ಮೊದಲ ಹೆಂಡತಿಯದು ಅಷ್ಟಾಗಿ ಇಲ್ಲ.

ತೊಲ ತೂಕಕ್ಕೆ ಐದು ಡಾಲರ್ ತೆತ್ತವರ ಕಾಗದ,
ಈರುಳ್ಳಿ ಸಿಪ್ಪೆಯಷ್ಟು ತೆಳು.
ಯಾರು ಗೆದ್ದರು, ಯಾರು ಸತ್ತರು,
ಬೆಳ್ಳಿ ಏರಿತೋ ಇಳಿಯಿತೋ,
ಎಲ್ಲ ನನ್ನ ಕೈಯಲ್ಲಿ ಎರಡು ನಿಮಿಷ ಬೆಚ್ಚಗಿರುತ್ತಿತ್ತು,
ಕುದುರೆಯ ಬೆವರಿಗೆ.
ನನಗೆ ಓದಲು ಬರುತ್ತಿರಲಿಲ್ಲ.
ನನಗೆಂದು ಒಂದೂ ಬರಲಿಲ್ಲ;
ಬರೆಯಬೇಕಾದವರು ಮಿಸೌರಿಯಲ್ಲಿ ಕಾಲರಾಕ್ಕೆ ಹೋಗಿದ್ದರು.

ಒರತೆಯ ಮಾತು ನಿಮ್ಮ ಕಲ್ಲಿನ ಮೇಲಿಲ್ಲ.
ನಾವು ಬರುವ ಮುಂಚೆ ಅದು ಪಾಯೂಟ್ ಜನರ ನೀರು.
ವಿಂಗೇಟ್ ಬೇಲಿ ಹಾಕಿದ.
ಒಬ್ಬ ಅಜ್ಜಿ, ಪೈನ್ ಬೀಜದ ಬುಟ್ಟಿ ಬೆನ್ನಿಗೆ,
ಬೇಲಿಯಾಚೆ ನಿಂತು
ಕುದುರೆ ನೀರು ಕುಡಿಯುವುದನ್ನು ನೋಡಿದಳು.
ಅಗುಳಿ ನನ್ನ ಕೈಗೆ ಎಟುಕುತ್ತಿತ್ತು.
ತೆಗೆಯಲಿಲ್ಲ.
ಇದನ್ನೂ ಬರೆಯಿರಿ. ಇಲ್ಲವೇ ಬಿಡಿ.

ಆಮೇಲೆ ಕಂಬಗಳು ಬಂದವು, ಎತ್ತಿನ ಗಾಡಿಯಲ್ಲಿ.
ವಿಂಗೇಟ್‌ಗೆ ಹಬ್ಬ. ಕಂಬದವರಿಗೆ
ಬಾರ್ಲಿ, ರೊಟ್ಟಿ, ವಿಸ್ಕಿ, ಎಲ್ಲ ದುಪ್ಪಟ್ಟು ಬೆಲೆಗೆ.
ತನ್ನ ಗುಂಡಿ ತೋಡುವವರ ಗುದ್ದಲಿಗೆ
ತಾನೇ ಸಾಣೆ ಹಿಡಿದು ಕೊಟ್ಟ, ಕೂಲಿಯನ್ನೂ ಎಣಿಸಿಕೊಂಡ.
ಅಕ್ಟೋಬರ್‌ನಲ್ಲಿ ತಂತಿಗೆ ತಂತಿ ಕೂಡಿತು.

ಲೆಮ್ಯುಯೆಲ್ ಕೊನೆಯ ಸಲ ಬಂದದ್ದು ನಡಿಗೆಯಲ್ಲಿ.
ನೆಲ ಏನೂ ಹೇಳಲಿಲ್ಲ, ನಾನು ಕೂಗಲೂ ಇಲ್ಲ.
ಇಳಿದ. ಕೂತ.
ಒಂದು ಹನಿ ಚೆಲ್ಲದೆ ತಂಬಿಗೆ ಮುಗಿಸಿದ.
ಹೊತ್ತು ಬೇಕಾದಷ್ಟಿತ್ತು. ಆಡಲು ಮಾತೇ ಸಿಗಲಿಲ್ಲ.

ಥಿಂಬಲ್‌ಗೆ ಮಾತ್ರ ಯಾರೂ ತಂತಿ ಕೊಟ್ಟಿರಲಿಲ್ಲ.
ಬಿಸಿಲು ಒಲೆಯ ಕಲ್ಲು ಮುಟ್ಟುವ ಹೊತ್ತಿಗೆ
ಲಾಯದ ಬಾಗಿಲಿಗೆ ಬಂದು
ಪಡುವಣಕ್ಕೆ ಕಿವಿ ನಿಮಿರಿಸಿ ನಿಲ್ಲುತ್ತಿದ್ದಳು.
ಹದಿನೇಳು ದಿನ ಎಣಿಸಿದೆ.
ಆಮೇಲೆ ಉಪ್ಪಿನ ಗಾಡಿಯವನು ಕೊಂಡ, ನಲವತ್ತು ಡಾಲರಿಗೆ.

ಆ ರಾತ್ರಿ ಗಾಳಿಗೆ ತಂತಿ ಗುಂಯ್‌ಗುಡುತ್ತಿತ್ತು.
ಅಭ್ಯಾಸ ನೋಡಿ, ಕಂಬಕ್ಕೆ ಕಿವಿ ಹಚ್ಚಿದೆ.
ಏನೋ ಹೋಗುತ್ತಿತ್ತು, ಯಾರದೋ ಸಾವು, ಯಾರದೋ ಗೆಲುವು.
ದವಡೆಗೆ ಏನೂ ಬರಲಿಲ್ಲ.

ಕಲ್ಲು ಸರಿಸುವುದಾದರೆ ಸರಿಸಿ,
ಆದರೆ ಒರತೆಯ ಮೇಲೆ ಬೇಡ, ಸ್ವಲ್ಪ ಆಚೆ.
ಬಗೆದರೆ ಈಗಲೂ ನೀರಿದೆ,
ಒಂದು ತಂಬಿಗೆಯಷ್ಟು.